ಸೆಂಟರ್ ಆಟಗಾರನ ಬೆನ್ನು ನೋಡಲು ಕೊಟ್ಟ ದುಡ್ಡು

ಅಮೆರಿಕನ್ ಫುಟ್‌ಬಾಲ್ ನೋಡಲು ವರ್ಷದ ಚಂದಾ ಕಟ್ಟುವವರು ಡೊಂಬಿವಲಿಯಲ್ಲಿ ಇನ್ನೆಷ್ಟು ಮಂದಿ ಇದ್ದಾರೋ ಗೊತ್ತಿಲ್ಲ, ನಾನಂತೂ ಒಬ್ಬ. ಐರೋಲಿಯ ನಮ್ಮ ಆಫೀಸಿಗೆ ಕೆಲಸ ಕೊಡುವವರು ಕ್ಯಾನ್ಸಸ್ ಸಿಟಿಯವರು. ಸೋಮವಾರದ ಕಾಲ್ ಶುರುವಾದರೆ ಮೊದಲು ಅವರೂರಿನ ಚೀಫ್ಸ್ ತಂಡದ ಮಾತು, ಆಮೇಲೆ ಕ್ಲೇಮುಗಳ ಮಾತು. ಸುಮ್ಮನೆ ಹೂಂಗುಟ್ಟುವುದು ಸಾಕಾಗಿ ಚಂದಾ ಹಾಕಿಸಿದೆ. ಈಗ ಅವರಿಗಿಂತ ಹೆಚ್ಚು ನಾನೇ ಮಾತಾಡುತ್ತೇನೆ.

ಈ ಚಂದಾಕ್ಕೆ ನಾನು ಕೊಡುವುದು ಐದರಲ್ಲಿ ನಾಲ್ಕು ಸ್ಟಾರ್. ಆ ನಾಲ್ಕರಲ್ಲಿ ಮೂರು ಒಂದೇ ಸೌಲಭ್ಯಕ್ಕೆ, ಅದಕ್ಕೆ ಆಮೇಲೆ ಬರುತ್ತೇನೆ.

ನೇರಪ್ರಸಾರ ಚೆನ್ನಾಗಿದೆ, ಆದರೆ ಹೊತ್ತು ನಮ್ಮದಲ್ಲ. ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಲ್ಲಿ ಭಾನುವಾರ ಮಧ್ಯಾಹ್ನ ಒಂದಕ್ಕೆ ಶುರುವಾಗುವ ಪಂದ್ಯ ನಮಗೆ ರಾತ್ರಿ ಹತ್ತೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಹನ್ನೊಂದೂವರೆ. ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್ ಅಂತೂ ಸೋಮವಾರ ಬೆಳಗಿನ ಜಾವ ಐದಕ್ಕೆ. ಹಾಗಾಗಿ ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಇಡೀ ಪಂದ್ಯವನ್ನು ನಲವತ್ತು ನಿಮಿಷಕ್ಕೆ ಇಳಿಸಿದ ಆವೃತ್ತಿ. ರಾತ್ರಿ ಪಾಳಿಯವನಾದ್ದರಿಂದ ಸಂಜೆ ನಾನು ಹೋಗುವ ದಿಕ್ಕಿನ ಲೋಕಲ್‌ನಲ್ಲಿ ಗರ್ದಿ ಕಡಿಮೆ, ಕೂರಲು ಜಾಗ ಸಿಗುತ್ತದೆ. ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ ಮುಟ್ಟುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ.

ಈಗ ಆ ಸೌಲಭ್ಯ. ಕೋಚ್‌ಗಳು ನೋಡುವ ಫಿಲ್ಮ್ ಅಂತ ಒಂದು ವಿಭಾಗ ಇದರಲ್ಲಿದೆ. ಪ್ರತಿ ಆಟವನ್ನು ಎರಡು ಕಡೆಯಿಂದ ತೋರಿಸುತ್ತಾರೆ: ಒಮ್ಮೆ ಪಕ್ಕದ ಎತ್ತರದಿಂದ, ಇಪ್ಪತ್ತೆರಡು ಜನರೂ ಕಾಣುವಂತೆ, ಇನ್ನೊಮ್ಮೆ ಮೈದಾನದ ತುದಿಯಿಂದ, ಎದುರಾಳಿಗಳನ್ನು ತಡೆಯುವ ಐವರ ಸಾಲಿನ ಬೆನ್ನಹಿಂದೆ ನಿಂತಂತೆ. ಕಾಮೆಂಟರಿ ಇಲ್ಲ, ಜಾಹೀರಾತು ಇಲ್ಲ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಚೆಂಡು ಕೊಟ್ಟವನನ್ನು ಅಲ್ಲೇ ಬಿಟ್ಟು. ಆ ಸಾಲಿನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಅಂದರೆ ಹಾಗೆ ಹಿಂದೆ ಉಳಿದುಬಿಡುವ ಆಸಾಮಿ. ಹೆಚ್ಚುಕಡಿಮೆ ಪ್ರತಿ ಆಟವೂ ಅವನ ಕೈಯಿಂದಲೇ ಶುರುವಾಗುತ್ತದೆ, ಆದರೂ ಚೆಂಡು ಮುಂದೆ ಸಾಗಿದ ಒಂದು ಗಜವೂ ಅವನ ಲೆಕ್ಕಕ್ಕೆ ಸೇರುವುದಿಲ್ಲ. ರೆಫರಿ ಅವನ ನಂಬರ್ ಕೂಗಿದರೆ ಅದು ತಪ್ಪು ಮಾಡಿದಾಗ ಮಾತ್ರ.

ಹಳೆಯ ಸೀಸನ್ನುಗಳೂ ಸಿಗುತ್ತವೆ, ಅದರಲ್ಲಿ 2021ರದನ್ನು ನೋಡಿ. ಆ ವರ್ಷದ ಫೆಬ್ರುವರಿ 7ರ ಸೂಪರ್ ಬೌಲ್‌ನಲ್ಲಿ ಟ್ಯಾಂಪಾ ಬೇ ಕೈಲಿ ಚೀಫ್ಸ್ 31-9ರಿಂದ ಸೋತಿತ್ತು. ಗಾಯಾಳುಗಳಿಂದ ಸಾಲು ಹರಿದುಹೋಗಿ, ಸೆಂಟರ್‌ನಿಂದ ಚೆಂಡು ಪಡೆದು ಎಸೆಯುವ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ರಾತ್ರಿಯಿಡೀ ಜೀವ ಉಳಿಸಿಕೊಂಡು ಓಡಾಡಿದ್ದ. ತಂಡದವರು ಸುಮ್ಮನಿರಲಿಲ್ಲ, ಐದಕ್ಕೆ ಐದೂ ಜಾಗ ಬದಲಿಸಿದರು. ನಡುವಿನ ಜಾಗಕ್ಕೆ ತಂದದ್ದು ಓಕ್ಲಹೋಮಾ ವಿಶ್ವವಿದ್ಯಾಲಯದಿಂದ ಬಂದ ಕ್ರೀಡ್ ಹಂಫ್ರಿಯನ್ನು, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನ 63ನೇ ಆಯ್ಕೆ. ಅವನ ಬಲಕ್ಕೆ ಗಾರ್ಡ್ ಆಗಿ ನಿಂತ ಟ್ರೇ ಸ್ಮಿತ್ 226ನೆಯವನು, ಅವನೂ ಹೊಸಬನೇ. ಇಬ್ಬರು ಎಳೆಯರನ್ನು ಅಕ್ಕಪಕ್ಕ ನಿಲ್ಲಿಸುವುದಕ್ಕೆ ಧೈರ್ಯ ಬೇಕು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿರುದ್ಧದ ಮೊದಲ ಪಂದ್ಯದಿಂದಲೇ ನಿಲ್ಲಿಸಿದರು, 33-29ರಿಂದ ಗೆದ್ದರು. ಹಂಫ್ರಿ ಆ ಸೀಸನ್ನಿನ ಹದಿನೇಳೂ ಪಂದ್ಯಗಳಲ್ಲಿ ಶುರುವಿನಿಂದ ಆಡಿದ.

ತುದಿಯ ಕ್ಯಾಮೆರಾದಲ್ಲಿ ಹಂಫ್ರಿಯ 52 ನಂಬರಿನ ಬೆನ್ನನ್ನೇ ನೋಡುತ್ತ ಹೋಗಿ. ಮೊದಲು ಕಣ್ಣಿಗೆ ಬೀಳುವುದು ಎಡಗೈ. ಚೆಂಡನ್ನು ಹಿಂದಕ್ಕೆ ಬಿಡುವುದು ಅದರಲ್ಲೇ, ಅಂಥ ಸೆಂಟರ್ ಅಪರೂಪ. ಬಿಡುವ ಮೊದಲು ತಲೆಯೆತ್ತಿ, ಎದುರಾಳಿ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಕಡೆ ಬೆರಳು ತೋರಿಸುತ್ತಾನೆ, ಯಾರು ಯಾರನ್ನು ಹಿಡಿಯಬೇಕೆಂದು ಸಾಲಿಗೆ ಲೆಕ್ಕ ಸಿಗುವುದು ಅಲ್ಲಿಂದ. ಚೆಂಡು ಕೈಬಿಟ್ಟ ಕ್ಷಣಕ್ಕೆ ಮೂಗಿನ ಮುಂದೆಯೇ ನಿಂತಿದ್ದ ನೂರೈವತ್ತು ಕಿಲೋ ಆಸಾಮಿ ಮೈಮೇಲೆ ಬಂದಿರುತ್ತಾನೆ. ಹಂಫ್ರಿ ಹಿಂದೆ ಸರಿಯುವುದು ಕಡಿಮೆ. ಸೊಂಟ ಇಳಿಸಿ, ಕೈಯನ್ನು ಎದುರಾಳಿಯ ಎದೆಯೊಳಗೆ ತೂರಿಸಿ, ಪಕ್ಕದ ಗಾರ್ಡ್ ಜೊತೆ ಸೇರಿ ಅವನನ್ನು ಒಂದು ಹೆಜ್ಜೆ ನೂಕಿ, ಅವನನ್ನು ಗಾರ್ಡ್‌ಗೆ ಒಪ್ಪಿಸಿ ಹಿಂದಿನ ಲೈನ್‌ಬ್ಯಾಕರ್ ಮೇಲೆ ಹೋಗುತ್ತಾನೆ. ಆ ಒಪ್ಪಿಸುವ ಹೊತ್ತು ಚೂರು ಹಿಂದೆಮುಂದೆ ಆದರೆ ಆಟ ಕೆಟ್ಟಿತು. ಮೊದಲ ವರ್ಷದ ಹುಡುಗನಿಗೆ ಆ ಹೊತ್ತು ಸಿಕ್ಕಿದ್ದೇ ಕ್ಯಾನ್ಸಸ್ ಸಿಟಿಯವರಿಗೆ ಹುಚ್ಚು ಹಿಡಿಸಿದ್ದು. ಪರಸ್ಥಳದ ಪಂದ್ಯಗಳಲ್ಲಿ ಇನ್ನೊಂದು ಗಮನಿಸಿ: ಗದ್ದಲಕ್ಕೆ ಕೂಗು ಕೇಳಿಸದಿದ್ದಾಗ ಗಾರ್ಡ್ ತಿರುಗಿ ಕ್ವಾರ್ಟರ್‌ಬ್ಯಾಕ್ ಕಡೆ ನೋಡಿ ಸೆಂಟರನ್ನು ತಟ್ಟುತ್ತಾನೆ, ತಟ್ಟಿದ ಮೇಲೆ ಚೆಂಡು ಹೊರಡುತ್ತದೆ. ಟಿವಿಯಲ್ಲಿ ನಾನಿದನ್ನು ಗಮನಿಸಿಯೇ ಇರಲಿಲ್ಲ.

ನಮ್ಮ ಮಾಮಾ ಗದಗಿನ ಕಡೆಯವರು, ವಯಸ್ಸಿನಲ್ಲಿ ಗರಡಿಮನೆಯ ಮಣ್ಣು ಮೆತ್ತಿಸಿಕೊಂಡವರು. ಒಂದು ಭಾನುವಾರ ಚಹಾ ಹಿಡಿದುಕೊಂಡು ಬಂದು ಕೂತು, ಸುಮಾರು ಹೊತ್ತು ಮಾತಿಲ್ಲದೆ ನೋಡಿದರು.

"ಏ ತಮ್ಮಾ, ಈ ನಡುವಿನಾಂವ ಪೈಲ್ವಾನ ಏನೋ?"

"ಹೌದ್ ಮಾಮಾ, ಸಾಲಿ ಕಲಿಯೂಮುಂದ ಕುಸ್ತಿ ಹಿಡೀತಿದ್ನಂತ."

"ಅದಕ್ಕ ಮತ್ತ. ಕಾಲಾಗ ಐತಿ ನೋಡು ಜೋರು, ತೋಳಾಗಲ್ಲ. ಪಗಾರ ಏನು ಕೊಡ್ತಾರ?"

2024ರಲ್ಲಿ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದವಾಗಿದೆ ಅಂದೆ. ಮಾಮಾ ಚಹಾ ಕೆಳಗಿಟ್ಟರು.

ಒಂದು ಸ್ಟಾರ್ ಕಳೆದದ್ದು ಯಾಕೆ? ಕೋಚ್ ಫಿಲ್ಮ್ ಪಂದ್ಯ ಮುಗಿದ ಕೂಡಲೇ ಬರುವುದಿಲ್ಲ, ಕಾಯಬೇಕು. ಫೋನಿನ ಪರದೆಯಲ್ಲಿ ಎಲ್ಲರೂ ಇರುವೆಗಳಂತೆ ಕಾಣುತ್ತಾರೆ, ದೊಡ್ಡ ಟಿವಿ ಇಲ್ಲದಿದ್ದರೆ ಈ ಸೌಲಭ್ಯಕ್ಕೆ ಕೊಟ್ಟ ದುಡ್ಡು ದಂಡ. ಆಟಗಾರನ ಹೆಸರು ಹಾಕಿ ಅವನ ಆಟಗಳನ್ನಷ್ಟೇ ಹುಡುಕುವ ದಾರಿ ನನಗೆ ಸಿಗಲಿಲ್ಲ. ಪಂದ್ಯ ತೆರೆದು ಒಂದೊಂದಾಗಿ ನೋಡಬೇಕು. ಅಂಕಪಟ್ಟಿ ಮುಚ್ಚಿಡುವ ಬಟನ್ ಇದೆ, ಮೊದಲ ದಿನವೇ ಒತ್ತಿಡಿ.

ಬರೀ ಟಚ್‌ಡೌನ್ ನೋಡಬೇಕೆನ್ನುವವರಿಗೆ ಬಿಟ್ಟಿ ತುಣುಕುಗಳೇ ಸಾಕು, ಚಂದಾ ಬೇಡ. ಹಾಕಿಸಿದವರು ಮಾತ್ರ 2023ರ ಫೆಬ್ರುವರಿಯ ಸೂಪರ್ ಬೌಲ್ ಬಿಡಬೇಡಿ. ಆ ಸೀಸನ್ನಿನ ಲೀಗ್ ಪಂದ್ಯಗಳಲ್ಲಿ ಈಗಲ್ಸ್ ತಂಡ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು 70 ಸಲ ನೆಲಕ್ಕೆ ಕೆಡವಿತ್ತು. ಫೈನಲ್‌ನಲ್ಲಿ ಮಹೋಮ್ಸ್‌ನನ್ನು ಒಮ್ಮೆಯೂ ಕೆಡವಲಾಗಲಿಲ್ಲ, ಚೀಫ್ಸ್ 38-35ರಿಂದ ಗೆದ್ದಿತು. ಅದಾದ ಮೇಲೆ ಟೈಲರ್ ಲಿಂಡರ್‌ಬಾಮ್ ಬಾಲ್ಟಿಮೋರ್ ರೇವನ್ಸ್ ಪರ ಆಡಿದ 2022ರ ಮೊದಲ ಸೀಸನ್ ತೆರೆಯಿರಿ. 25ನೇ ಆಯ್ಕೆ, ಸೆಂಟರ್ ಜಾಗಕ್ಕೆ ಗಾತ್ರ ಸಾಲದು ಅನ್ನಿಸಿಕೊಂಡವನು. ಮಾಮಾ ಈಗ ನೋಡುತ್ತಿರುವುದು ಅವನನ್ನೇ, ರಿಮೋಟ್ ನನ್ನ ಕೈಗೆ ಬರುತ್ತಿಲ್ಲ.