ರೈಸ್ ಮಿಲ್ ಸರ್ವರ್‌ಗೆ ಡೆಲ್ ಐಡ್ರ್ಯಾಕ್ 9: ಫರ್ಮ್‌ವೇರ್ ಅಪ್‌ಡೇಟ್ ಮಟ್ಟಿಗೆ ಹೇಗಿದೆ?

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ ಆಫೀಸುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸರ್ವರ್. ಲೆಕ್ಕಪತ್ರದ ಟ್ಯಾಲಿ ಅದರಲ್ಲೇ, ಲಾರಿ ತೂಗುವ ವೇಬ್ರಿಡ್ಜ್‌ನ ಸಾಫ್ಟ್‌ವೇರ್ ಕೂಡ ಅದರಲ್ಲೇ. ಅದು ನಿಂತರೆ ಲಾರಿಯೂ ನಿಂತಿತು. ಇಂಥ ಕಡೆ ಡೆಲ್ ಪವರ್‌ಎಡ್ಜ್ ಸರ್ವರ್‌ಗಳ ಐಡ್ರ್ಯಾಕ್ 9, ಅಂದರೆ ಸರ್ವರನ್ನು ವೆಬ್ ಪುಟದಿಂದಲೇ ನೋಡಿಕೊಳ್ಳಲು ಅದರೊಳಗೇ ಇರುವ ಪುಟ್ಟ ನಿಯಂತ್ರಕ, ಚೆನ್ನಾಗಿಯೇ ಒದಗುತ್ತದೆ, ಒಂದು ಬಟನ್ ವಿಷಯದಲ್ಲಿ ಹುಷಾರಾಗಿದ್ದರೆ.

ಐಡ್ರ್ಯಾಕ್‌ನ ಸ್ವಂತ ಫರ್ಮ್‌ವೇರ್ (ಯಂತ್ರದ ಭಾಗದೊಳಗೇ ಕೂತು ಅದನ್ನು ಓಡಿಸುವ ಸಾಫ್ಟ್‌ವೇರ್) ಹಾಕಲು ವಿಂಡೋಸ್ ನಿಲ್ಲಿಸಬೇಕಿಲ್ಲ. ಅದರ ವೆಬ್ ಪುಟ ಮಾತ್ರ ಕೆಲವು ನಿಮಿಷ ಮಾಯವಾಗುತ್ತದೆ. ಹಾಗಾಗಿ ಮೊದಲು ಅದನ್ನು ಹಗಲಲ್ಲೇ ಮುಗಿಸಿ. ಸರ್ವರನ್ನು ಎಬ್ಬಿಸುವ ಬಯಾಸ್, ಡಿಸ್ಕ್‌ಗಳನ್ನು ನಿಭಾಯಿಸುವ ಪರ್ಕ್ ರೇಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್‌ಗಳಿಗೆ ರೀಸ್ಟಾರ್ಟ್ ಬೇಕೇ ಬೇಕು.

ಐಡ್ರ್ಯಾಕ್ ವೆಬ್ ಪುಟದ ಮೇಂಟೆನೆನ್ಸ್ ಮೆನುವಿನ ಸಿಸ್ಟಮ್ ಅಪ್‌ಡೇಟ್‌ನಲ್ಲಿ ವಿಂಡೋಸ್ 64 ಬಿಟ್‌ನ ಇಎಕ್ಸ್‌ಇ ಫೈಲ್ ಏರಿಸಬೇಕು. ಲಿನಕ್ಸ್‌ನ ಬಿನ್ ಫೈಲ್ ಇಲ್ಲಿ ನಡೆಯದು. ನಂತರ ಎರಡು ಆಯ್ಕೆ: ‘ಇನ್‌ಸ್ಟಾಲ್ ಅಂಡ್ ರೀಬೂಟ್’, ‘ಇನ್‌ಸ್ಟಾಲ್ ನೆಕ್ಸ್ಟ್ ರೀಬೂಟ್’. ಮೊದಲನೆಯದನ್ನು ಕೆಲಸದ ಹೊತ್ತಿನಲ್ಲಿ ಒತ್ತಿದರೆ ಟ್ಯಾಲಿಯಲ್ಲಿ ಕೂತವರೆಲ್ಲ ಹೊರಗೆ. ಎರಡನೆಯದು ಸುರಕ್ಷಿತ ಅಂತ ಎಲ್ಲರೂ ನಂಬುತ್ತಾರೆ, ಆದರೆ ಅದು ಕಾಯುವುದು ನಿಮ್ಮ ರೀಸ್ಟಾರ್ಟ್‌ಗಲ್ಲ, ಯಾವುದೋ ಒಂದು ರೀಸ್ಟಾರ್ಟ್‌ಗೆ. ಬೆಳಗ್ಗೆ ಅಪ್‌ಡೇಟ್ ಕೆಲಸವನ್ನು (ಜಾಬ್) ಸರದಿಗೆ ಹಾಕಿಟ್ಟು ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತೆನ್ನಿ, ಸರ್ವರ್ ಮೇಲೇಳುವಾಗ ಬಯಾಸ್ ಬರೆಯಲು ಕೂರುತ್ತದೆ. ಅಷ್ಟರಲ್ಲಿ ಕರೆಂಟ್ ಮತ್ತೆ ಹೋದರೆ ಬೋರ್ಡಿಗೇ ಕುತ್ತು. ಜಾಬ್ ಹಾಕುವುದು ಮಿಲ್ ಮುಚ್ಚಿದ ಮೇಲೆ, ಯುಪಿಎಸ್ ಬ್ಯಾಟರಿ ನೋಡಿಕೊಂಡೇ.

ತಿಂಗಳ 11ರ ಜಿಎಸ್‌ಟಿಆರ್-1, 20ರ 3ಬಿ ರಿಟರ್ನ್‌ಗಳ ಗಡುವಿನ ಹತ್ತಿರ ಈ ಕೆಲಸ ಬೇಡ. ನವೆಂಬರ್-ಡಿಸೆಂಬರ್‌ನ ಭತ್ತದ ಸೀಜನ್‌ನಲ್ಲಂತೂ ಮುಟ್ಟಲೇಬೇಡಿ.

ರೀಸ್ಟಾರ್ಟ್‌ಗೆ ಮುಂಚೆ ಎಲ್ಲರನ್ನೂ ಟ್ಯಾಲಿಯಿಂದ ಹೊರಗೆ ಕಳಿಸಿ, ಆಲ್ಟ್-ವೈ ಮೆನುವಿನಿಂದ ಬೇರೆ ಡಿಸ್ಕ್‌ಗೆ ಬ್ಯಾಕಪ್ ತೆಗೆಯಿರಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಸಸ್ಪೆಂಡ್ ಮಾಡಿ, ರೀಬೂಟ್ ಕೌಂಟ್ ಸೊನ್ನೆ ಕೊಡಿ; ಆಗ ಎಷ್ಟು ಸಲ ರೀಸ್ಟಾರ್ಟ್ ಆದರೂ ಅದು ತಾನಾಗಿ ಆನ್ ಆಗದು. ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡುವುದು ನಿಮ್ಮ ಹೊಣೆ. ಸಸ್ಪೆಂಡ್ ಮಾಡಲು ಮರೆತರೆ 48 ಅಂಕಿಯ ರಿಕವರಿ ಕೀ ಕೇಳಿಕೊಂಡು ಪರದೆ ನಿಂತುಬಿಡುತ್ತದೆ. ಬಯಾಸ್ ಬರೆಯುವಾಗ ಪರದೆ ಕಪ್ಪಾಗುತ್ತದೆ, ಫ್ಯಾನ್ ಜೋರಾಗಿ ಕೂಗುತ್ತದೆ, ತನ್ನಷ್ಟಕ್ಕೇ ಒಂದಕ್ಕಿಂತ ಹೆಚ್ಚು ಸಲ ರೀಸ್ಟಾರ್ಟ್ ಆಗಬಹುದು. ಹ್ಯಾಂಗ್ ಆಯಿತೆಂದು ಪವರ್ ಬಟನ್ ಅದುಮುವವರೇ ಹೆಚ್ಚು. ಕೈ ಕಟ್ಟಿ ಕೂತಿರಿ.

ಬಯಾಸ್ ಸರಿಹೋಗದಿದ್ದರೆ ರೋಲ್‌ಬ್ಯಾಕ್‌ನಲ್ಲಿ ಹಿಂದಿನ ಆವೃತ್ತಿ ಸಿಗುತ್ತದೆ. ಡಿಸ್ಕ್ ಫರ್ಮ್‌ವೇರ್‌ಗೆ ಆ ಸೌಕರ್ಯವನ್ನು ನಂಬಿ ಹೊರಡಬೇಡಿ. ಹಾಗಂತ ಓಡುತ್ತಿರುವುದನ್ನು ಮುಟ್ಟಬಾರದು ಎಂಬ ವಾದವೂ ನಿಲ್ಲದು: 32,768 ಗಂಟೆ ಓಡಿದ ಮೇಲೆ ಸತ್ತೇಹೋಗುವ ಕೆಲವು ಎಸ್‌ಎಸ್‌ಡಿಗಳ ಬಗ್ಗೆ 2019ರಲ್ಲಿ ಇನ್ನೊಂದು ಸರ್ವರ್ ಕಂಪನಿ ಎಚ್‌ಪಿಇ ಎಚ್ಚರಿಸಿತ್ತು. ಪರಿಹಾರ ಇದ್ದದ್ದು ಫರ್ಮ್‌ವೇರ್‌ನಲ್ಲೇ.

ಬೇಸರದ ಸಂಗತಿ ಲೈಸೆನ್ಸ್. ಸರ್ವರ್‌ನ ಪರದೆಯನ್ನು ದೂರದಿಂದಲೇ ತೋರಿಸುವ ವರ್ಚುವಲ್ ಕನ್ಸೋಲ್ ಬೇಕಾದರೆ ಐಡ್ರ್ಯಾಕ್‌ನ ಎಂಟರ್‌ಪ್ರೈಸ್ ಲೈಸೆನ್ಸ್ ಕೊಳ್ಳಬೇಕು. ಸರ್ವರ್ ಪಕ್ಕದಲ್ಲೇ ಮಾನಿಟರ್ ಇದ್ದರೆ ಅದಕ್ಕಿಂತ ಕೆಳಗಿನ ಎಕ್ಸ್‌ಪ್ರೆಸ್ ಸಾಕು. ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಎಂಜಿನಿಯರ್ ಬಳ್ಳಾರಿಯಿಂದ ಬರಬೇಕು ಅನ್ನುವವರು ಆ ಹಣ ಉಳಿಸಲು ಹೋಗಬೇಡಿ. ರೀಸ್ಟಾರ್ಟ್ ಆದಮೇಲೆ ಜಾಬ್ ಕ್ಯೂನಲ್ಲಿ ‘ಕಂಪ್ಲೀಟೆಡ್’ ಬಂತಾ, ವಿಂಡೋಸ್ ಸರ್ವೀಸಸ್‌ನಲ್ಲಿ ಟ್ಯಾಲಿಯ ಲೈಸೆನ್ಸ್ ನೋಡಿಕೊಳ್ಳುವ ಟ್ಯಾಲಿ ಗೇಟ್‌ವೇ ಸರ್ವರ್ ಓಡುತ್ತಿದೆಯಾ ನೋಡಿ, ವೇಬ್ರಿಡ್ಜ್ ಪಿಸಿಯಿಂದ ಒಂದು ಚೀಟಿ ಪ್ರಿಂಟ್ ತೆಗೆದೇ ಮನೆಗೆ ಹೊರಡಿ.