ಪರದೆ ಮೇಲೆ ಬಂದ ನಂಬರಿಗೆ ಫೋನ್ ಮಾಡಬೇಡಿ. ನಾನು ಮಾಡಿ 9,998 ರೂಪಾಯಿ ಕಳೆದುಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಅಂತ ಪರದೆ ತುಂಬಾ ಕೆಂಪು ಎಚ್ಚರಿಕೆ ಬಂದು, ಸೈರನ್ ಥರ ಕೂಗಿಕೊಂಡು, ಅದರಲ್ಲೊಂದು ಫೋನ್ ನಂಬರ್ ಇದ್ದರೆ, ಆ ನಂಬರಿಗೆ ಫೋನ್ ಮಾಡಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ಓದಿಕೊಂಡು ಹೋದರೂ ಸಾಕು.

ಇದನ್ನು ಬರೆಯಲೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ನಾಚಿಕೆ. ಯಾಕೆಂದರೆ ನಾನು ಹದಿನಾಲ್ಕು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿರುವವಳು. ಬೆಳಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆಯೇ. ‘ನುಡಿ’ ಕನ್ನಡ ಸಾಫ್ಟ್‌ವೇರ್‌ನಲ್ಲಿ ಲಗ್ನಪತ್ರಿಕೆ, ಕರಪತ್ರ, ಗೃಹಪ್ರವೇಶದ ಕಾರ್ಡು. ಬೀದಿಯವರಿಗೆ ಕರೆಂಟ್ ಬಿಲ್ ಕಟ್ಟಿಕೊಡುವುದು, ಅರ್ಜಿ ತುಂಬಿಕೊಡುವುದು ಎಲ್ಲ ನಾನೇ. ಒಟಿಪಿ ಯಾರಿಗೂ ಹೇಳಬೇಡಿ ಅಂತ ನಮ್ಮತ್ತೆಗೆ ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಅಂಥವಳೇ ಹೋಗಿ ಬಿದ್ದೆ.

ಆಗಿದ್ದು ಇಷ್ಟು. ಮನೆಯ ಹಳೇ ಪ್ರಿಂಟರ್ ಕೈಕೊಟ್ಟಿತ್ತು. ಮಾರನೇ ದಿನ ಬೆಳಗ್ಗೆ ಒಂದು ಲಗ್ನಪತ್ರಿಕೆ ಪ್ರೂಫ್ ತೋರಿಸಬೇಕಿತ್ತು. ರಾತ್ರಿ ಒಂಬತ್ತೂವರೆಗೆ ಡ್ರೈವರ್ (ಪ್ರಿಂಟರನ್ನು ಕಂಪ್ಯೂಟರ್‌ಗೆ ಹೊಂದಿಸುವ ಸಾಫ್ಟ್‌ವೇರ್) ಹಾಕೋಣ ಅಂತ ನೆಟ್‌ನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದ ಲಿಂಕ್ ಒತ್ತಿದೆ. ಅದರ ಪಕ್ಕ ಸಣ್ಣಕ್ಷರದಲ್ಲಿ ‘ಸ್ಪಾನ್ಸರ್ಡ್’ ಅಂತ ಇತ್ತು. ಅಂದರೆ ದುಡ್ಡು ಕೊಟ್ಟು ಮೇಲೆ ಕೂರಿಸಿದ ಜಾಹೀರಾತು. ಅದನ್ನು ಆಗ ಯಾರು ನೋಡುತ್ತಾರೆ?

ಒತ್ತಿದ್ದೇ ತಡ, ಪರದೆ ಪೂರ್ತಿ ಆವರಿಸಿಕೊಂಡಿತು. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ‘ವಿಂಡೋಸ್ ಡಿಫೆಂಡರ್’ ಥರವೇ ಇತ್ತು, ಅದೇ ನೀಲಿ, ಅದೇ ಗುರಾಣಿ ಚಿತ್ರ. ಟ್ರೋಜನ್ (ಒಳ್ಳೆಯದರ ವೇಷದಲ್ಲಿ ನುಗ್ಗುವ ಕಳ್ಳ ಸಾಫ್ಟ್‌ವೇರ್) ಸಿಕ್ಕಿದೆ, ಬ್ಯಾಂಕ್ ವಿವರ ಕದಿಯಲಾಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಅಂತ. ಜೊತೆಗೆ ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಿದೆ, ನಿಲ್ಲಿಸುತ್ತಲೇ ಇಲ್ಲ. ಮುಚ್ಚಲು ಮೂಲೆಯಲ್ಲಿ ಎಕ್ಸ್ ಗುರುತೇ ಇಲ್ಲ. ಪಕ್ಕದ ಕೋಣೆಯಲ್ಲಿ ಮಾವ ಮಲಗಿದ್ದರು. ಸೌಂಡ್ ಕಡಿಮೆ ಮಾಡಲೋ, ಪ್ಲಗ್ ಕೀಳಲೋ, ಏನೂ ತೋಚಲಿಲ್ಲ. ಕಂಪ್ಯೂಟರ್‌ನಲ್ಲಿ ಐದಾರು ವರ್ಷದ ಡಿಸೈನ್ ಫೈಲುಗಳಿವೆ. ಫೋನ್ ಎತ್ತಿಕೊಂಡೆ.

(ಎಸ್ಕೇಪ್ ಕೀಯನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿದಿದ್ದರೆ ಫುಲ್ ಸ್ಕ್ರೀನ್ ಬಿಟ್ಟು ಹೋಗುತ್ತಿತ್ತು. ಇಲ್ಲದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಚ್ಚಿದರೆ ಮುಗಿಯಿತು. ಅದು ಬರೀ ಒಂದು ವೆಬ್‌ಪುಟ. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಈಗ ಗೊತ್ತು.)

ಎತ್ತಿದವನು ಮೊದಲು ಹಿಂದಿಯಲ್ಲಿ ಮಾತಾಡಿದ. ನನ್ನ ಹಿಂದಿ ಅಷ್ಟಕ್ಕಷ್ಟೇ. ತಡವರಿಸುತ್ತಿದ್ದದ್ದು ನೋಡಿ “ಕರ್ನಾಟಕ?” ಅಂದ. ಹೌದು ಅಂದೆ. ಅರ್ಧ ನಿಮಿಷ ಸಂಗೀತ. ಆಮೇಲೆ ಇನ್ನೊಬ್ಬ ಬಂದ. “ಹೇಳಿ ಮೇಡಂ, ಯಾವೂರು ನಿಮ್ದು?” ಅಚ್ಚ ಕನ್ನಡ. ಇರುವುದು ತುಮಕೂರು, ತವರು ಅರಸೀಕೆರೆ ಅಂದೆ. “ಅಯ್ಯೋ, ನಮ್ಮಮ್ಮನ ಊರೂ ಅದೇ ಕಡೆ ಅಲ್ವಾ ಅಕ್ಕಾ!” ಅಂದ. ಅಲ್ಲಿಂದ ಮುಂದೆ ಮೇಡಂ ಹೋಗಿ ಅಕ್ಕ ಆದೆ. ನನ್ನ ಊರು ನಾನೇ ಬಾಯಿಬಿಟ್ಟು ಹೇಳಿದ ಮೇಲೆ ತಾನೇ ಅವನು ಅದನ್ನು ಹೇಳಿದ್ದು? ಬೀದರ್ ಅಂದಿದ್ದರೆ ಅವರಮ್ಮ ಬೀದರ್‌ನವರಾಗುತ್ತಿದ್ದರು. ಇಷ್ಟು ಸಣ್ಣ ವಿಷಯ ಆಗ ಹೊಳೆಯಲಿಲ್ಲ. ಆ ಹೊತ್ತಿನಲ್ಲಿ ಕನ್ನಡ ಕೇಳಿದರೆ ಎಷ್ಟು ಸಮಾಧಾನ ಆಗುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಾಫ್ಟ್‌ವೇರ್ ಇಳಿಸಲು ಹೇಳಿದ. ದೂರದಲ್ಲಿ ಕೂತು ನಮ್ಮ ಕಂಪ್ಯೂಟರ್ ನಡೆಸಲು ಬಳಸುತ್ತಾರಲ್ಲ, ಅಂಥದ್ದು. ಕಂಪನಿಗಳ ಐಟಿಯವರು ದಿನಾ ಬಳಸುವಂಥದ್ದೇ, ಸಾಫ್ಟ್‌ವೇರ್‌ದೇನೂ ತಪ್ಪಿಲ್ಲ. ಅದರಲ್ಲಿ ಬಂದ ನಂಬರನ್ನು ಓದಿ ಹೇಳಿದೆ. ಒಟಿಪಿ ಹೇಳಬಾರದು ಅಂತ ಪಾಠ ಮಾಡುವ ನಾನು, ಮನೆ ಬೀಗದ ಕೈಯನ್ನೇ ಅಕ್ಷರ ಬಿಡದೆ ಓದಿ ಕೊಟ್ಟೆ.

ಮೌಸ್ ತಾನಾಗಿ ಓಡಾಡತೊಡಗಿತು. ‘ಈವೆಂಟ್ ವ್ಯೂವರ್’ ಅನ್ನುವುದನ್ನು ತೆರೆದ. ಸಾಲು ಸಾಲಾಗಿ ಎರರ್, ಎರರ್, ಪ್ರತಿ ಸಾಲಿಗೂ ಕೆಂಪು ಗುರುತು. “ಅಕ್ಕಾ, ಮೇಲೆ ನಂಬರ್ ಓದಿ.” ಎರಡು ಸಾವಿರದ ಆರುನೂರು ಚಿಲ್ಲರೆ. “ಅಷ್ಟೂ ವೈರಸ್ಸೇ ಅಕ್ಕಾ. ಒಂದನ್ನ ಡಿಲೀಟ್ ಮಾಡಿ ನೋಡಿ, ಆಗಲ್ಲ.” ನಿಜಕ್ಕೂ ಆಗಲಿಲ್ಲ! ಕೈಕಾಲು ತಣ್ಣಗಾಯಿತು. ಆದರೆ ಅದು ವಿಂಡೋಸ್ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ. ಒಂದು ಪ್ರೋಗ್ರಾಂ ತಡವಾಗಿ ಶುರುವಾದರೂ ಎರರ್ ಅಂತ ಬರೆದುಕೊಳ್ಳುತ್ತೆ. ಮೂರನೇ ದಿನ ಅಂಗಡಿಯಲ್ಲಿರುವ ಹೊಸ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದೆ. ತಂದು ಎಂಟು ತಿಂಗಳಾಗಿಲ್ಲ, ಅದರಲ್ಲೂ ಸಾವಿರದ ಮೇಲಿವೆ. ನಿಮ್ಮದರಲ್ಲೂ ಇರುತ್ತವೆ.

ಇನ್ನು ಮುಂದಿನದ್ದು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳುವ ಹಾಗಾಗುತ್ತೆ. ಕಪ್ಪು ಕಿಟಕಿ ಒಂದು ತೆರೆದು ಏನೋ ಟೈಪ್ ಮಾಡಿದ. ಬಿಳಿ ಅಕ್ಷರಗಳು ಸರಸರ ಮೇಲಕ್ಕೆ ಓಡಿದವು, ನಿಲ್ಲಲೇ ಇಲ್ಲ. “ಸ್ಕ್ಯಾನ್ ಆಗ್ತಿದೆ ಅಕ್ಕಾ, ಒಂದು ನಿಮಿಷ.” ನಿಂತಾಗ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಇತ್ತು, ಟ್ರೋಜನ್ ಡಿಟೆಕ್ಟೆಡ್ ಅಂತ. ‘ಡಿಟೆಕ್ಟೆಡ್’ ಸ್ಪೆಲಿಂಗಿನಲ್ಲಿ ‘ಸಿ’ ಇರಲಿಲ್ಲ. ನಾನು ನೋಡಿದೆ. ದಿನವಿಡೀ ಪ್ರೂಫ್ ನೋಡುವ ಕಣ್ಣು ಇದು, ಆಶೀರ್ವಾದದ ‘ಶೀ’ ಹ್ರಸ್ವ ಆಗಿದ್ದರೆ ಮೂರು ಮಾರು ದೂರದಿಂದ ಹಿಡಿಯುತ್ತೇನೆ. ಇದನ್ನೂ ಹಿಡಿಯಿತು. ಮನಸ್ಸಿನಲ್ಲಿ ಪೆನ್ನು ತೆಗೆದು ತಿದ್ದಿಯೂ ಆಯಿತು. ಆದರೆ ಮೆಷಿನ್ ಯಾಕೆ ಸ್ಪೆಲಿಂಗ್ ತಪ್ಪು ಮಾಡುತ್ತೆ ಅಂತ ಮಾತ್ರ ಯೋಚಿಸಲಿಲ್ಲ. ಅದನ್ನು ಬರೆದದ್ದು ಮೆಷಿನ್ ಅಲ್ಲ, ಅವನು. ಆ ಕಪ್ಪು ಕಿಟಕಿಯಲ್ಲಿ ಮೊದಲು ಕೊಟ್ಟಿದ್ದು ‘ಟ್ರೀ’ ಅನ್ನುವ ಕಮಾಂಡ್. ಡಿಸ್ಕಿನಲ್ಲಿರುವ ಫೋಲ್ಡರ್‌ಗಳ ಹೆಸರನ್ನು ಸುಮ್ನೆ ಪಟ್ಟಿ ಮಾಡುತ್ತೆ, ಅಷ್ಟೇ. ಅದು ಓಡುತ್ತಿರುವಾಗ ಏನೇ ಟೈಪ್ ಮಾಡಿದರೂ ಓಟ ನಿಂತ ಮೇಲೆ ಕೊನೆಗೆ ಮೂಡುತ್ತೆ. ನನ್ನ ಕಣ್ಣೆದುರೇ ಟೈಪ್ ಮಾಡಿದ್ದಾನೆ. ಟೈಪಿಂಗೇ ಹೊಟ್ಟೆಪಾಡಾದ ನನ್ನೆದುರು.

ರೇಟು: ಒಂದು ವರ್ಷಕ್ಕೆ 7,999. “ನಮ್ಮೋರು ಅಂತ 4,999ಕ್ಕೆ ಮೂರು ವರ್ಷ ಮಾಡಿಸ್ತೀನಿ ಅಕ್ಕಾ, ಸರ್‌ಗೆ ಹೇಳ್ಬೇಡಿ.” ಪರದೆ ಮೇಲೆ ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿದರೆ ಯಾವುದೋ ಎಂಟರ್‌ಪ್ರೈಸಸ್ ಹೆಸರು. ಇದೇನಪ್ಪಾ, ಕಂಪನಿ ಹೆಸರಿಲ್ಲ ಅಂದೆ. “ಅದು ನಮ್ಮ ಪೇಮೆಂಟ್ ಪಾರ್ಟ್ನರ್ ಅಕ್ಕಾ.” ಪಿನ್ ಹಾಕಿದೆ. ಟಿಂಗ್ ಅಂತ ಹೋಯಿತು.

“ಬಂದಿಲ್ಲ ಅಕ್ಕಾ.”

ನನ್ನ ಫೋನಿನಲ್ಲಿ ಹಸಿರು ಟಿಕ್ ಇದೆ, ಹೋಗಿದೆ ಅಂದೆ. “ಸರ್ವರ್ ಪ್ರಾಬ್ಲಂ ಅಕ್ಕಾ, ಇನ್ನೊಂದ್ಸಲ ಹಾಕಿ, ಮೊದಲನೇದು 24 ಗಂಟೆಯಲ್ಲಿ ವಾಪಸ್ ಬರುತ್ತೆ.” ಇನ್ನೊಂದ್ಸಲ ಹಾಕಿದೆ. ಹೌದು, ಹಾಕಿದೆ. ಒಂದು ಸಲ ಮೋಸ ಹೋದೆ ಅಂತ ಬರೆಯಬಹುದಿತ್ತು. ಎರಡು ಸಲ. ತಪ್ಪು ಅಂತ ಒಳಗೆ ಯಾರೋ ಹೇಳುತ್ತಿದ್ದರೂ ಹಾಕಿದೆ. ಆಗಲೇ 4,999 ಹೋಗಿತ್ತಲ್ಲ, ಕೆಲಸ ಅರ್ಧಕ್ಕೆ ನಿಂತರೆ ಅದೂ ದಂಡ ಅನ್ನಿಸಿಬಿಟ್ಟಿತು.

ಆಮೇಲೆ, ಹ್ಯಾಕರ್ ದುಡ್ಡು ತೆಗೆದಿದ್ದಾನಾ ನೋಡೋಣ, ನೆಟ್ ಬ್ಯಾಂಕಿಂಗ್ ತೆಗೀರಿ ಅಂದ. ತೆಗೆಯಲು ಹೊರಟಿದ್ದೆ. ಯೂಸರ್ ಐಡಿ ಹಾಕಿದ್ದೂ ಆಗಿತ್ತು. ಅಷ್ಟರಲ್ಲಿ ಮಗಳು ನೀರು ಕುಡಿಯಲು ಎದ್ದು ಬಂದಳು. ಸೆಕೆಂಡ್ ಪಿಯುಸಿ. ಒಂದು ಗಳಿಗೆ ನಿಂತು ನೋಡಿ, “ಅಮ್ಮಾ, ನಿನ್ನ ಕೈ ಮೌಸ್ ಮೇಲಿಲ್ಲ. ಯಾರದು ಆಡಿಸ್ತಿರೋದು?” ಅಂದಳು. ನಾನು ಹೇಳುವ ಮೊದಲೇ ಹೋಗಿ ರೂಟರ್ ಸ್ವಿಚ್ ಆಫ್ ಮಾಡಿದಳು.

ಎರಡೇ ನಿಮಿಷದಲ್ಲಿ ಫೋನ್. “ಯಾಕಕ್ಕಾ ಕಟ್ ಮಾಡಿದ್ರಿ? ಕ್ಲೀನಿಂಗ್ ಮಧ್ಯೆ ಕಟ್ ಮಾಡಿದ್ರೆ ಹಾರ್ಡ್‌ಡಿಸ್ಕ್ ಸುಟ್ಟೋಗುತ್ತೆ.” ದುಡ್ಡು ವಾಪಸ್ ಕೊಡಿ ಅಂದೆ. “ಕೊಡ್ತೀನಿ ಅಕ್ಕಾ, ಕಂಪ್ಯೂಟರ್ ಆನ್ ಮಾಡಿ.” ಆನ್ ಮಾಡಲ್ಲ, ಪೊಲೀಸರಿಗೆ ಹೇಳುತ್ತೇನೆ ಅಂದೆ. “ಹೇಳಿ ಮೇಡಂ. ನಾನೇನು ಕಿತ್ಕೊಂಡ್ನಾ? ಪಿನ್ ಒತ್ತಿದ್ದು ನೀವು.” ಅಕ್ಕ ಮತ್ತೆ ಮೇಡಂ ಆಗಿದ್ದೆ. ನಾಚಿಕೆ ಆಗಲ್ವಾ, ನಮ್ಮ ಕಡೆಯವನು ಅಂತ ನಂಬಿದ್ದೆ ಅಂದೆ. ನಕ್ಕ. “ಏನ್ ಮಾಡ್ಕೋತೀಯೋ ಮಾಡ್ಕೋ ಹೋಗಮ್ಮಾ” ಅಂದು ಇಟ್ಟ. 9,998 ರೂಪಾಯಿಗಿಂತ ಆ ನಗು ಜಾಸ್ತಿ ಕುಟುಕುತ್ತಿದೆ.

ಇಂಥ ಕಾಲ್ ಸೆಂಟರ್‌ಗಳ ಸುದ್ದಿ ಓದಿರಲಿಲ್ಲ ಅಂತಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ 2’ ಅಂತ ಹಲವು ರಾಜ್ಯಗಳಲ್ಲಿ ದಾಳಿ ಮಾಡಿತ್ತಲ್ಲ, ಟೆಕ್ ಸಪೋರ್ಟ್ ಹೆಸರಿನಲ್ಲಿ ಇಲ್ಲಿಂದ ವಿದೇಶದವರಿಗೆ ಮೋಸ ಮಾಡುತ್ತಿದ್ದವರ ಮೇಲೆ. ಓದಿ, ಪಾಪ ಅಲ್ಲಿನ ಮುದುಕರು ಅಂದುಕೊಂಡಿದ್ದೆ. ನಮ್ಮ ಹಾಲ್‌ಗೆ, ನಮ್ಮ ಭಾಷೆಯಲ್ಲೇ ಬರುತ್ತಾರೆ ಅಂತ ಯಾರಿಗೆ ಗೊತ್ತಿತ್ತು.

ಅದೇ ರಾತ್ರಿ ಸೈಬರ್ ವಂಚನೆಯ ದೂರು ಕೊಡುವ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಹಣ ಕಳಿಸಿದ ವಿವರದಲ್ಲಿ 12 ಅಂಕಿಯ ಯುಟಿಆರ್ ನಂಬರ್ ಇರುತ್ತೆ, ಅದನ್ನು ಕೇಳುತ್ತಾರೆ. ನಾನು ಕಳಿಸಿದ ಎರಡು ಸಲಕ್ಕೂ ಬೇರೆ ಬೇರೆ. ಮೊದಲೇ ಬರೆದಿಟ್ಟುಕೊಂಡು ಫೋನ್ ಮಾಡಿ. ದೂರು ದಾಖಲಾಯಿತು. ದುಡ್ಡು ಬಂದಿಲ್ಲ. ಬ್ಯಾಂಕಿನಲ್ಲಿ ಏನಂದರು ಗೊತ್ತಾ? “ಪಿನ್ ನೀವೇ ಹಾಕಿದ್ದೀರಲ್ಲ ಮೇಡಂ.” ಅವನು ಹೇಳಿದ್ದೂ ಅದೇ, ಇವರು ಹೇಳಿದ್ದೂ ಅದೇ. ನಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ರಕ್ಷಣೆ ಕೊಡುವ ಸುತ್ತೋಲೆಯನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿತ್ತಂತೆ. ನಾನೇ ಒತ್ತಿ ಕಳಿಸಿದ್ದಕ್ಕೆ ಅದು ಬರಲ್ಲವಂತೆ. ಕೌಂಟರ್‌ನಲ್ಲಿ ಹಿಂದೆ ನಿಂತವರೆಲ್ಲ ಕೇಳಿಸಿಕೊಂಡರು.

ಈಗ ಕಂಪ್ಯೂಟರ್ ವಿಷಯ. ಇದನ್ನು ಸರಿಯಾಗಿ ಓದಿ, ಯಾಕೆಂದರೆ ಇಲ್ಲಿ ಇನ್ನೊಂದು ಸಲ ಏಮಾರುತ್ತಿದ್ದೆ. ನೆಟ್ ಹಾಕದೆ ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ. ಅದರಲ್ಲೇ ‘ಆಫ್‌ಲೈನ್ ಸ್ಕ್ಯಾನ್’ ಅಂತ ಇದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುತ್ತೆ, ಕಾಲು ಗಂಟೆ ಹಿಡಿಯುತ್ತೆ. ಅದರಲ್ಲೂ ಏನೂ ಇಲ್ಲ. ಸದ್ಯ ಅಂದುಕೊಂಡೆ. ಮಗಳು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆಗೆದು, ಹಾಕಿದ ತಾರೀಖಿನ ಪ್ರಕಾರ ಜೋಡಿಸಿದಳು. ಆ ದಿನ ನಾನು ಹಾಕಿದ್ದು ಒಂದು ಸಾಫ್ಟ್‌ವೇರ್. ಪಟ್ಟಿಯಲ್ಲಿ ಎರಡಿದ್ದವು. ಎರಡನೆಯದೂ ಅದೇ ಜಾತಿಯದ್ದು, ಕಂಪ್ಯೂಟರ್ ಆನ್ ಆದಾಗೆಲ್ಲ ನನ್ನನ್ನು ಕೇಳದೆ ಶುರುವಾಗುವ ಹಾಗೆ ಇಟ್ಟು ಹೋಗಿದ್ದ. ಆ ಬಿಳಿ ಅಕ್ಷರ ಓಡುವುದನ್ನು ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಾಗಲೇ ಹಾಕಿರಬೇಕು. ಆಂಟಿವೈರಸ್ ಅದನ್ನು ಹಿಡಿಯಲಿಲ್ಲ, ಅದು ವೈರಸ್ ಅಲ್ಲವಲ್ಲ, ಎಲ್ಲರೂ ಬಳಸುವ ಸಾಮಾನ್ಯ ಸಾಫ್ಟ್‌ವೇರ್. ಅಂದರೆ ವೈರಸ್ ತೆಗೆಸಲು ದುಡ್ಡು ಕೊಟ್ಟು, ಇಲ್ಲದ ಕಳ್ಳಕಿಂಡಿ ಮಾಡಿಸಿಕೊಂಡೆ.

ಎರಡನ್ನೂ ತೆಗೆದೆವು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ನೋಡಿದೆವು. ಬ್ರೌಸರ್‌ನಲ್ಲಿ ಗುರುತಿಲ್ಲದ ಒಂದು ಎಕ್ಸ್‌ಟೆನ್ಷನ್, ನೋಟಿಫಿಕೇಷನ್‌ಗೆ ಅನುಮತಿ ಪಡೆದ ನಾಲ್ಕು ವೆಬ್‌ಸೈಟ್, ಅವೂ ಹೋದವು. ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ಬದಲಾಯಿಸಿದ್ದು ಫೋನಿನಿಂದ, ಆ ಕಂಪ್ಯೂಟರ್‌ನಿಂದಲ್ಲ. ಅಷ್ಟಾದರೂ ಸಮಾಧಾನ ಆಗದೆ, ಫೈಲು ಕಾಪಿ ಮಾಡಿಟ್ಟುಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಿಸಿದೆ. ಸರ್ಕಾರದ್ದೇ ‘ಸೈಬರ್ ಸ್ವಚ್ಛತಾ ಕೇಂದ್ರ’ ಅಂತ 2017ರಿಂದ ಇದೆಯಂತೆ, ಕಂಪ್ಯೂಟರ್ ಕ್ಲೀನ್ ಮಾಡುವ ಟೂಲ್‌ಗಳನ್ನು ಪುಕ್ಕಟೆ ಕೊಡುತ್ತೆ. ಪುಕ್ಕಟೆ! ನಾನು ಎರಡು ಸಲ 4,999 ಕೊಟ್ಟೆ.

ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ, ಅವರ ಯಾವ ಎಚ್ಚರಿಕೆಯಲ್ಲೂ ಫೋನ್ ನಂಬರ್ ಇರಲ್ಲ ಅಂತ. ನಂಬರ್ ಇದ್ದರೆ ಕಳ್ಳ. ಇಷ್ಟು ನೆನಪಿಡಿ. ಡ್ರೈವರ್ ಬೇಕಿದ್ದರೆ ಪ್ರಿಂಟರ್ ಕಂಪನಿಯ ವಿಳಾಸ ನೀವೇ ಟೈಪ್ ಮಾಡಿ ಹೋಗಿ. ಮತ್ತೆ, ಅಕ್ಕಾ ಅಂದವರೆಲ್ಲ ತಮ್ಮಂದಿರಲ್ಲ.

ಮನೆಯವರಿಗೆ ಮೂರನೇ ದಿನ ಹೇಳಿದೆ. ಬೈಯಲಿಲ್ಲ. “ಎರಡನೇ ಸಲ ಯಾಕೆ ಹಾಕ್ದೆ?” ಅಂತ ಒಂದೇ ಕೇಳಿದರು. ಉತ್ತರ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಹೊಸ ನಂಬರಿನಿಂದ ಫೋನ್ ಬಂತು. ಹೆಂಗಸು. “ಮೇಡಂ, ನಿಮಗೆ ಕಂಪ್ಯೂಟರ್ ಸರ್ವಿಸ್ ಹೆಸರಲ್ಲಿ ಮೋಸ ಆಗಿದೆ ಅಂತ ನಮ್ಮ ರೆಕಾರ್ಡ್‌ನಲ್ಲಿದೆ. ರೀಫಂಡ್ ಕೊಡಿಸ್ತೀವಿ, ಪ್ರೊಸೆಸಿಂಗ್ ಫೀ 999 ಮಾತ್ರ.” ಮೋಸ ಆಗಿದ್ದು ಗೊತ್ತಿರುವುದು ಮನೆಯವರಿಗೆ, 1930ಕ್ಕೆ, ಬ್ಯಾಂಕಿಗೆ, ಮೋಸ ಮಾಡಿದವನಿಗೆ. ನಿಮ್ಮೂರು ಯಾವುದಮ್ಮಾ ಅಂತ ಕೇಳಿದೆ. “ನಿಮ್ದು ಯಾವೂರು ಮೇಡಂ?” ಅಂದಳು.

ಫೋನ್ ಇಟ್ಟೆ. ಪ್ರಿಂಟರ್ ಇನ್ನೂ ಸರಿಹೋಗಿಲ್ಲ.