ಹಗ್ಗದ ಗಾಡಿಯೋ, ತಂತಿಯ ಗಾಡಿಯೋ?

ನಾವು ಅಮೆರಿಕದ ಫ್ರೀಮಾಂಟ್‌ನಲ್ಲಿದ್ದೇವೆ. ಊರಿನಿಂದ ಯಾರೇ ಬಂದರೂ ಸ್ಯಾನ್ ಫ್ರಾನ್ಸಿಸ್ಕೊಗೆ ಕರೆದುಕೊಂಡು ಹೋಗಿ, ರಸ್ತೆಯ ಹಳಿ ಮೇಲೆ ಓಡುವ ಕೇಬಲ್ ಕಾರ್ ಹತ್ತಿಸಬೇಕು, ಅದು ನಮ್ಮ ಮನೆಯ ಕಾಯಂ ಡ್ಯೂಟಿ. ಹೋದ ಸಲ ಅಪ್ಪ ಬಂದಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರ ಜೊತೆ ಎರಡು ದಿನ ಎರಡು ಬಗೆಯ ಗಾಡಿ ಹತ್ತಿ ನೋಡಿದೆ.

ಮೊದಲ ದಿನ ಪವೆಲ್-ಹೈಡ್ ದಾರಿಯ ಕೇಬಲ್ ಕಾರ್. ಕ್ಯೂನಲ್ಲೇ ಒಂದೂವರೆ ಗಂಟೆ! ಟಿಕೆಟ್‌ಗೆ ಆಗ ತಲಾ 8 ಡಾಲರ್ ಕೊಟ್ಟೆವು. ಗಾಡಿಯನ್ನು ತಿರುಗುವ ಮರದ ಹಲಗೆ ಮೇಲೆ ನಿಲ್ಲಿಸಿ, ಇಬ್ಬರು ಕೈಯಲ್ಲೇ ತಳ್ಳಿ ತಿರುಗಿಸಿದರು. ಅಪ್ಪ ಬಗ್ಗಿ ಗಾಲಿ ಸಂದಿಯಲ್ಲೆಲ್ಲ ನೋಡಿ, "ಇಂಜಿನ್ ಎಲ್ಲಮ್ಮಾ?" ಅಂದರು.

ಇಂಜಿನ್ ಇಲ್ಲ. ರಸ್ತೆ ಅಡಿಯಲ್ಲಿ ಉಕ್ಕಿನ ಹಗ್ಗವೊಂದು ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಸದಾ ಓಡುತ್ತಿರುತ್ತದೆ. ಗಾಡಿ ಓಡಿಸುವ ಗ್ರಿಪ್‌ಮ್ಯಾನ್ ಸನ್ನೆಕೋಲು ಎಳೆದರೆ ಇಕ್ಕಳದಂಥದ್ದು ಆ ಹಗ್ಗವನ್ನು ಹಿಡಿಯುತ್ತದೆ, ಗಾಡಿ ಹೊರಡುತ್ತದೆ. ಬಿಟ್ಟರೆ ಬ್ರೇಕ್ ಹಾಕಿ ನಿಲ್ಲಿಸಬೇಕು. ಗಣಿಗಳಿಗೆ ತಂತಿ ಹಗ್ಗ ಮಾಡಿಕೊಡುತ್ತಿದ್ದ ಹ್ಯಾಲಿಡಿ ಎಂಬವರು 1873ರಲ್ಲಿ ಕ್ಲೇ ಸ್ಟ್ರೀಟ್‌ನ ಏರಿನಲ್ಲಿ ಮೊದಲು ಇದನ್ನು ಓಡಿಸಿದರು. ಅದಕ್ಕೂ ಮುಂಚೆ ಅಲ್ಲಿ ಗಾಡಿ ಎಳೆದು ಎಳೆದು ಕುದುರೆಗಳ ಪಾಡು ನಾಯಿಪಾಡು.

ಹೈಡ್ ಸ್ಟ್ರೀಟ್ ಇಳಿಜಾರಿನಲ್ಲಿ ಸುಟ್ಟ ಮರದ ವಾಸನೆ ಮೂಗಿಗೆ ಬಡಿಯಿತು. ಹಳಿಗೆ ಒತ್ತುವ ಬ್ರೇಕು ಮರದ್ದು, ಫರ್ ಮರದ ತುಂಡು. ಕೆಲವೇ ದಿನಕ್ಕೆ ಸವೆದು ಹೋಗುತ್ತದಂತೆ. ಅಪ್ಪನಿಗೆ ನಮ್ಮೂರ ತೇರು ನೆನಪಾಯಿತು. ಅಲ್ಲೂ ಹಗ್ಗದಲ್ಲೇ ಎಳೆಯುತ್ತಾರೆ, ನಿಲ್ಲಿಸುವುದಕ್ಕೆ ಗಾಲಿ ಕೆಳಗೆ ಮರವನ್ನೇ ಕೊಡುತ್ತಾರೆ, ಅಲ್ವಾ?

ಎರಡನೇ ದಿನ ಎಫ್ ಲೈನ್ ಟ್ರಾಮ್, ತಲೆ ಮೇಲಿನ ತಂತಿಯಿಂದ ಕರೆಂಟ್ ಪಡೆದು ಹಳಿ ಮೇಲೆ ಓಡುವ ಗಾಡಿ. ಇದಕ್ಕೆ ಮಾಮೂಲಿ ಬಸ್ಸಿನ ಚಾರ್ಜೇ. ನಮಗೆ ಸಿಕ್ಕಿದ್ದು ಮಿಲಾನ್ ಊರಿನ 1928ರ ಕಿತ್ತಳೆ ಬಣ್ಣದ ಗಾಡಿ. ಉದ್ದಕ್ಕೂ ಮರದ ಬೆಂಚು, ಒಳಗೆ ಇಟಾಲಿಯನ್ ಬೋರ್ಡುಗಳು. ಆರಾಮಾಗಿ ಕೂತೆವು. ಆದರೆ ಮಾರ್ಕೆಟ್ ಸ್ಟ್ರೀಟ್, ಆಮೇಲೆ ಸಮುದ್ರದ ದಂಡೆ, ಹೆಚ್ಚುಕಮ್ಮಿ ಎಲ್ಲ ಸಪಾಟು. ಬೆಟ್ಟದ ಊರಿಗೆ ಬಂದು ಏರು ಹತ್ತದಿದ್ದರೆ ಏನು ಬಂತು?

ಟ್ರಾಮ್ ಏರು ಹತ್ತದಿರುವುದಕ್ಕೂ ಕಾರಣವಿದೆ. ಕರೆಂಟ್ ಗಾಡಿಗೆ ಗಾಲಿಯ ಹಿಡಿತವೇ ಆಧಾರ, ಕಡಿದಾದ ಕಡೆ ಜಾರುತ್ತದೆ. ಓಡಿಸುವ ಖರ್ಚು ಮಾತ್ರ ಕಡಿಮೆ. ಹಾಗಾಗಿ 1906ರ ಭೂಕಂಪದಲ್ಲಿ ಹಾಳಾದ ಎಷ್ಟೋ ಹಗ್ಗದ ದಾರಿಗಳಿಗೆ ತಂತಿ ಬಂತು, ತೀರಾ ಕಡಿದಾದವು ಹಗ್ಗಕ್ಕೇ ಉಳಿದವು. 1947ರಲ್ಲಿ ಮೇಯರ್ ಲ್ಯಾಫಮ್ ಪವೆಲ್ ದಾರಿಗಳನ್ನೂ ತೆಗೆದು ಬಸ್ ಬಿಡಲು ಹೊರಟಿದ್ದರು. ಫ್ರೀಡೆಲ್ ಕ್ಲಸ್‌ಮನ್ ಎಂಬ ಹೆಣ್ಣುಮಗಳು ಊರಿನ ಹೆಂಗಸರನ್ನು ಕಟ್ಟಿಕೊಂಡು ಎದುರು ನಿಂತರು. ಜನ ಕೇಬಲ್ ಕಾರಿಗೇ ಓಟು ಹಾಕಿದರು.

ನನ್ನನ್ನು ಕೇಳಿದರೆ ಎರಡನ್ನೂ ಬಿಟ್ಟು ಕ್ಯಾಲಿಫೋರ್ನಿಯಾ ಸ್ಟ್ರೀಟ್ ಕೇಬಲ್ ಕಾರ್ ಹತ್ತಿ. ಅದೇ ಸಂಜೆ ಸುಮ್ನೆ ಹೋಗಿ ನೋಡಿದೆವು. ಕ್ಯೂ ಇಲ್ಲವೇ ಇಲ್ಲ, ಕೂರಲು ಜಾಗ, ನಾಬ್ ಹಿಲ್‌ನ ಏರು. ಆಲ್ಕಟ್ರಾಜ್ ದ್ವೀಪ ಎದುರಿಗೆ ಕಾಣುವ ಪವೆಲ್-ಹೈಡ್‌ನ ಸೊಗಸು ಇದಕ್ಕಿಲ್ಲ, ಒಪ್ಪುತ್ತೇನೆ. ಒಂದೂವರೆ ಗಂಟೆ ಕಾಯುವಷ್ಟು ಜಾಸ್ತಿ ಸೊಗಸೂ ಅದಲ್ಲ.

ಅಪ್ಪನ ಆಯ್ಕೆ ಬೇರೆ. ವಾಷಿಂಗ್ಟನ್ ಮತ್ತು ಮೇಸನ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಎಲ್ಲ ಹಗ್ಗಗಳನ್ನೂ ಎಳೆಯುವ ಮನೆ ಇದೆ. ಅದೇ ಮ್ಯೂಸಿಯಂ, ಪ್ರವೇಶ ಉಚಿತ. ಆಳೆತ್ತರ ಮೀರಿದ ಚಕ್ರಗಳು ಗುರ್ರೆಂದು ತಿರುಗುತ್ತಿದ್ದವು. ಅಪ್ಪ ಕಟಕಟೆ ಹಿಡಿದು ಮುಕ್ಕಾಲು ಗಂಟೆ ನಿಂತರು. ಕೊನೆಗೆ ನನ್ನ ಕಿವಿ ಹತ್ತಿರ ಬಂದು ಕೂಗಿದರು: "ಗ್ರೀಸ್ ಚೆನ್ನಾಗಿ ಹಾಕಿದ್ದಾರೆ ಕಣೇ."